ಅಜ್ಜಿ ತಿನ್ನದ ಕೆಸು

ನಮ್ಮ ಅಜ್ಜಿಯ ಕೆಸುವಿನ ಸಾರಿಗೆ ಊರಲ್ಲೆಲ್ಲ ಹೆಸರು. ಅದರ ರುಚಿ ನೋಡದೆ ಉಳಿದವಳು ಅಜ್ಜಿ ಒಬ್ಬಳೇ. ಎಳೆಯ ಎಲೆ ಆಯ್ದು, ನಾರು ಬಿಡಿಸಿ, ಬೇಯಿಸಿ, ಗಂಟಲು ತುರಿಸದಂತೆ ಕಾಚಂಪುಳಿಯೆಂಬ ಹುಳಿಯ ಕಪ್ಪು ಹನಿ ಬಿಡುವ ಹೊತ್ತನ್ನು ಅವಳು ಮೂಗಿನಲ್ಲೇ ಹಿಡಿಯುತ್ತಿದ್ದಳು. ಉಪ್ಪು ನೋಡುವ ಕೆಲಸ ಮಾತ್ರ ನನ್ನದು. ಸೌಟಿನಿಂದ ಒಂದು ತೊಟ್ಟು ನನ್ನ ಅಂಗೈಗೆ ಬೀಳುತ್ತಿತ್ತು. ಊಟಕ್ಕೆ ಕೂತರೆ ಅವಳ ತಟ್ಟೆಯಲ್ಲಿ ಬಿಳಿ ಅನ್ನ, ಮೊಸರು, ಉಪ್ಪಿನಕಾಯಿ. ಯಾಕಜ್ಜಿ ಎಂದರೆ, “ನನ್ನ ಪಾಲಿನ ಕೆಸು ಮದುವೆಗೆ ಮುಂಚೆಯೇ ತಿಂದು ಮುಗಿಸಿದ್ದೇನೆ ಮಗ” ಅನ್ನುತ್ತಿದ್ದಳು.

ಅವಳ ತವರು ಕೊಡಗಿನ ಭಾಗಮಂಡಲದ ಆಚೆ. ಜುಲೈ ನಡುವಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ತ್ರಿವೇಣಿ ಸಂಗಮ ಉಕ್ಕಿ ರಸ್ತೆ ಮುಳುಗುವುದು ಅಲ್ಲಿ ಇವತ್ತಿಗೂ ಸುದ್ದಿಯೇ ಅಲ್ಲ. ಆಗಂತೂ ಸಂತೆಯೂ ಇಲ್ಲ, ಸಾಮಾನೂ ಇಲ್ಲ. ಪತ್ತಾಯದ ಭತ್ತ ತಳ ಕಂಡಿರುತ್ತಿತ್ತು. ಪುತ್ತರಿ ಹಬ್ಬದ ಹೊಸ ಅಕ್ಕಿಗೆ ಇನ್ನೂ ನಾಲ್ಕು ತಿಂಗಳು. ಗದ್ದೆಯಲ್ಲಿ ಮೈಮುರಿಯುವ ನಾಟಿ, ಮನೆಯಲ್ಲಿ ತೆಳು ಗಂಜಿ. ಮಳೆ ಏನು ಬೆಳೆಸುತ್ತದೋ ಅದೇ ಪಲ್ಯ: ಕೆಸು, ಅಣಬೆ, ಗದ್ದೆ ಏಡಿ, ಎಳೆ ಬಿದಿರಿನ ಕಣಿಲೆ. ಕಣಿಲೆಯನ್ನು ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ ಅದರ ವಿಷ ಇಳಿಸಬೇಕು. ಹಸಿವಾದರೂ ಕಾಯಲೇಬೇಕು! ಕೆಮ್ಮಣ್ಣು ಮೆತ್ತಿ ಎತ್ತಿಟ್ಟ ಹಲಸಿನ ಬೀಜ ಕೊನೆಯ ಆಸರೆ.

ಈಗ ಅದೇ ಕಕ್ಕಡ ನಮಗೆ ಹಬ್ಬ. ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದೆಂದು ನಂಬುವ ಆಟಿ ಸೊಪ್ಪಿನ ನೇರಳೆ ರಸದ ಪಾಯಸ ಕುಡಿದು, ಮರುದಿನ ಮೂತ್ರ ಕೆಂಪಾಯಿತೆಂದು ಮನೆಮಂದಿಯೆಲ್ಲ ಸಂಭ್ರಮಿಸುತ್ತೇವೆ. ಹೋಂಸ್ಟೇಗಳಲ್ಲಿ ಕಣಿಲೆ ಪಲ್ಯಕ್ಕೆ ಬೆಂಗಳೂರಿನವರು ದುಡ್ಡು ಕೊಡುತ್ತಾರೆ, ನಾನೂ ಕೊಟ್ಟಿದ್ದೇನೆ. ಎಲ್ಲ ಬರಗಾಲದ ಊಟಕ್ಕೂ ಈ ಭಾಗ್ಯವಿಲ್ಲ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಡಚ್ಚರು ಹಸಿವು ತಾಳದೆ ತುಲಿಪ್ ಗಡ್ಡೆ ಬೇಯಿಸಿ ತಿಂದರು. ಯುದ್ಧ ಮುಗಿದದ್ದೇ ತಡ, ತುಲಿಪ್ ಮರಳಿ ಹೂದಾನಿ ಸೇರಿತು. ಕೆಸು ಗೆದ್ದದ್ದು ರುಚಿಯ ಬಲದಿಂದ.

ಹಾಗಂತ ಕಷ್ಟ ಎಲ್ಲರ ನಾಲಿಗೆಯನ್ನೂ ಒಂದೇ ಕಡೆ ತಿರುಗಿಸುವುದಿಲ್ಲ. 1965-66ರ ಬರದ ಆಸುಪಾಸಿನಲ್ಲಿ ಅಪ್ಪ ಶಾಲೆಗೆ ಹೋಗುತ್ತಿದ್ದ ಹುಡುಗ. ಅಮೆರಿಕದಿಂದ ಹಡಗು ಹತ್ತಿ ಬಂದ ಗೋಧಿ ಆಗ ದೇಶದ ಹೊಟ್ಟೆ ಹೊರೆಯುತ್ತಿತ್ತು. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಶಾಸ್ತ್ರಿಯವರು ಕೇಳಿಕೊಂಡಿದ್ದ ಕಾಲ. ಶಾಲೆಯಲ್ಲಿ ಕೊಡುತ್ತಿದ್ದ ಗೋಧಿ ಉಪ್ಪಿಟ್ಟು ಅಪ್ಪನಿಗೆ ಈಗಲೂ ಪಂಚಪ್ರಾಣ. ಅಮ್ಮ ತುಪ್ಪ, ಗೋಡಂಬಿ ಹಾಕಿ ಮಾಡಿದರೆ ಮುಖ ಸಿಂಡರಿಸುತ್ತಾರೆ. ಅದು ಮುದ್ದೆಮುದ್ದೆಯಾಗಿ, ಸ್ವಲ್ಪ ತಳ ಹಿಡಿದಿರಬೇಕು. ಹಸಿವು ತಾಯಿಗೆ ವಾಕರಿಕೆ ಕೊಟ್ಟಿತು, ಮಗನಿಗೆ ಚಪಲ ಕೊಟ್ಟಿತು. ನನಗನ್ನಿಸುವುದು ಇಷ್ಟು: ಅಜ್ಜಿಗೆ ಕೆಸು ಬಿಟ್ಟು ಬೇರೆ ಗತಿಯಿರಲಿಲ್ಲ, ಅಪ್ಪನಿಗೆ ಉಪ್ಪಿಟ್ಟು ಯಾರೋ ಕರೆದು ಬಡಿಸಿದ್ದು. ಒಲ್ಲೆ ಎನ್ನುವ ಹಕ್ಕು ಕೈಗೆ ಬಂದ ದಿನ ಅಜ್ಜಿ ಅದನ್ನು ಪೂರ್ತಿ ಬಳಸಿಕೊಂಡಳು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮ ಚಿಕ್ಕಪ್ಪ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದ್ದರು. ಅವರ ನಾಲಿಗೆ ಬದಲಾಗಲಿಲ್ಲ, ಉಗ್ರಾಣ ಬದಲಾಯಿತು. ಈಗ ಪ್ರತಿ ವರ್ಷ ಮೇ ಮುಗಿಯುವುದರೊಳಗೆ ಒಣಮೀನು, ಒಲೆಯ ಮೇಲೆ ಹೊಗೆಗೆ ಕಟ್ಟಿದ ಹಂದಿಮಾಂಸ, ಮಣ್ಣು ಮೆತ್ತಿದ ಹಲಸಿನ ಬೀಜ ಎಲ್ಲ ಸಿದ್ಧ. ಚಿಕ್ಕಮ್ಮ ನಗುತ್ತಾರೆ, ಆದರೆ ಬೇಡ ಅನ್ನುವುದಿಲ್ಲ.

ನನ್ನ ಮಗಳ ಸರದಿ 2020ರಲ್ಲಿ ಬಂತು. ಲಾಕ್‌ಡೌನಿನಲ್ಲಿ ತೋಟದ ಹಲಸೇ ಗತಿ: ಗುಜ್ಜೆ ಪಲ್ಯ, ತೊಳೆ ಹುಳಿ, ಹಣ್ಣಿನ ಗಟ್ಟಿ, ಬೀಜದ ಸಾರು. ಈಗ ಹಲಸಿನ ವಾಸನೆಗೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಬಲವಂತ ಮಾಡುವುದಿಲ್ಲ. ಅವಳ ಮಕ್ಕಳು ಮುಂದೆ ಟಿಕೆಟ್ ಕೊಂಡು ಹಲಸಿನ ಮೇಳಕ್ಕೆ ಹೋಗಿ, “ಅಮ್ಮನಿಗೆ ರುಚಿಯೇ ಗೊತ್ತಿಲ್ಲ” ಅಂದುಕೊಳ್ಳುವುದಂತೂ ಖಾತ್ರಿ.