ವಿದ್ಯಾರ್ಥಿಯೂ ಸತ್ಸಂಗವೂ

ಊರನ್ನು ಬಿಟ್ಟು ಓದಲು ಬಂದ ತರುಣನಿಗೆ ನಗರದಲ್ಲಿ ಮೊದಲು ದೊರೆಯುವುದು ಸ್ವಾತಂತ್ರ್ಯ. ಅದರ ಹಿಂದೆಯೇ ಬರುವುದು ಏಕಾಕಿತನ. ಅಲ್ಲಾಳಸಂದ್ರದ ಬಾಡಿಗೆಯ ಕೋಣೆಯಲ್ಲಿದ್ದು ಕಾಲೇಜಿಗೆ ಹೋಗಿಬರುವ ಕಥೋಲಿಕ ಹುಡುಗನಿಗೂ ಇದು ತಪ್ಪದು. ಮನೆಯವರೊಡನೆ ಹೇಳುತ್ತಿದ್ದ ಸಂಜೆಯ ಜಪಸರವು ಇಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ಉಳಿಯುವುದು ಪರೀಕ್ಷೆಯ ಚಿಂತೆಯೊಂದೇ.

ಇಂಥ ವಿದ್ಯಾರ್ಥಿಗಳಿಗಾಗಿ ಯೇಸುಸಭೆಯ ಫ್ರೆಂಚ್ ಗುರುಗಳಾದ ಕಾರ್ಟಿಯವರು 1924ರಲ್ಲಿ ದಕ್ಷಿಣದೇಶದಲ್ಲಿ ಆರಂಭಿಸಿದ ಸಂಘವು ಇಂದು ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾನಿಲಯ ಒಕ್ಕೂಟವಾಗಿ, 'ಐಕಫ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಬೆಲ್ಜಿಯಮ್ ದೇಶದ ಕಾರ್ಡೈನ್ ಪಾದ್ರಿಗಳು ದುಡಿಯುವ ತರುಣರಿಗೆ ಬೋಧಿಸಿದ ಕ್ರಮವೊಂದು ಇಂಥ ವಿದ್ಯಾರ್ಥಿಸಂಘಗಳಲ್ಲಿಯೂ ರೂಢಿಯಾಗಿದೆ: ನೋಡು, ವಿವೇಚಿಸು, ಆಚರಿಸು. ರೋಮಿನ ಜಗದ್ಗುರುಗಳಾದ 23ನೆಯ ಜಾನರು 1961ರ ತಮ್ಮ ಪರಿಪತ್ರದಲ್ಲಿ ಇದನ್ನು ಅನುಮೋದಿಸಿದರು.

ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲವರಿಗೆ ಈ ಸೋಪಾನವು ಅಪರಿಚಿತವೆನಿಸದು. ಆದರೆ ಅಲ್ಲಿಯ ಕೊನೆಯ ಮೆಟ್ಟಿಲು ಸಾಧಕನನ್ನು ಅಂತರಂಗಕ್ಕೆ ಒಯ್ದರೆ, ಇಲ್ಲಿಯದು ಬೀದಿಗೆ ಇಳಿಸುತ್ತದೆ. ನಿತ್ಯವೂ ದಾಟಿಹೋಗುತ್ತಿದ್ದ ಕೂಲಿಕಾರರ ತಗಡಿನ ಜೋಪಡಿಯು ಆ ಹುಡುಗನ ಕಣ್ಣಿಗೆ ಮೊದಲಬಾರಿಗೆ ಬೀಳುತ್ತದೆ. ಅಲ್ಲಿಯ ಮಗು ಶಾಲೆಗೆ ಏಕೆ ಹೋಗುತ್ತಿಲ್ಲವೆಂದು ಗೆಳೆಯರೊಡನೆ ವಿಚಾರಮಾಡುತ್ತಾನೆ. ಭಾನುವಾರದ ಪೂಜೆಯ ಬಳಿಕ ಅದಕ್ಕೆ ಅಕ್ಷರ ತಿದ್ದಿಸಲು ಕುಳಿತುಕೊಳ್ಳುತ್ತಾನೆ.

ತಮ್ಮವರೇ ಕಲೆತು ತಮ್ಮ ಕ್ಷೇಮವನ್ನೇ ಮಾತನಾಡಿ ಏಳುವುದಾದರೆ, ಸಂಘವೂ ಬಾಗಿಲು ಮುಚ್ಚಿದ ಮತ್ತೊಂದು ಕೋಣೆಯೇ ಸರಿ. ಪದವಿಪತ್ರವು ಜೀವನೋಪಾಯಕ್ಕಾಯಿತು, ಜೀವನವು ಏತಕ್ಕೆಂಬ ಪ್ರಶ್ನೆಗೆ, ಆ ಮಗುವಿನ ಸ್ಲೇಟಿನ ಮುಂದೆ ಕುಳಿತ ಒಂದು ಗಂಟೆಯ ಕಾಲವು ಉತ್ತರವನ್ನು ಕೊಟ್ಟರೂ ಕೊಟ್ಟೀತು.