ಕಾಲಡಿಯ ಜಾಲರಿ

ಬಚ್ಚಲ ಮೋರಿಯ ಬಾಯಿಗೆ ಹಾಕುವ ಕಬ್ಬಿಣದ ಜಾಲರಿಯನ್ನು ವಾಚಕರೆಲ್ಲರೂ ಬಲ್ಲರು. ಅದರ ಹಿರಿಯಣ್ಣನಂತಿರುವ ಉಕ್ಕಿನ ಜಾಲರಿಯನ್ನು ಕಾರ್ಖಾನೆಗಳಲ್ಲಿ ನೆಲವಾಗಿಯೇ ಹಾಸುವರು. ಚೆಲ್ಲಿದ ನೀರು ನಿಲ್ಲದೆ ಇಳಿದುಹೋಗಲೆಂದು, ಗಾಳಿ ಬೆಳಕು ಕೆಳಗಣ ಅಂತಸ್ತಿಗೂ ಮುಟ್ಟಲೆಂದು. ಇಂತಹವನ್ನು ಮಾಡಿಸುವುದರಲ್ಲಿಯೇ ನನ್ನ ಬಹುಕಾಲ ಸಂದಿದೆ.

“1 ಮೀಟರು ಉದ್ದ, 1 ಮೀಟರು ಅಗಲ” ಎಂದಷ್ಟೇ ಬರೆದು ಕಳುಹಿಸುವ ಗಿರಾಕಿಗಳುಂಟು. ಆ ಕಾಗದವನ್ನು ನಾನು ಮರಳಿಸುತ್ತೇನೆ. ಅಟ್ಟಕ್ಕೆ ತೊಲೆ ಹೇಗೋ, ಜಾಲರಿಗೆ ಅಂಚಿನ ಮೇಲೆ ನಿಲ್ಲಿಸಿದ ಪಟ್ಟಿಗಳು ಹಾಗೆ. ಹೊರೆಯನ್ನು ಹೊರುವವು ಅವೇ. ಅಡ್ಡಲಾಗಿ ಬೆಸೆದ ತಿರುಚಿದ ಸರಳುಗಳು ಅವನ್ನು ನೆಟ್ಟಗೆ ಹಿಡಿದಿಡುವುದಕ್ಕೆ ಮಾತ್ರ. ಕೆಳಗೆ ಎರಡೇ ಕಡೆ ಆಸರೆಯಿರುವಲ್ಲಿ ಪಟ್ಟಿಗಳ ತುದಿಗಳೇ ಅದರ ಮೇಲೆ ಕೂಡಬೇಕು. ಚೌಕದ ಜಾಲರಿಯಾದರೋ ಹೇಗೆ ತಿರುಗಿಸಿದರೂ ಕಿಂಡಿಗೆ ಸರಿಹೊಂದುತ್ತದೆ. ಅಡ್ಡಡ್ಡ ಹಾಸಿದರೆ ನೋಡುವ ಕಣ್ಣಿಗೆ ನೆಲ, ಕಾಲಿಟ್ಟ ಬಡಪಾಯಿಗೆ ಗುಂಡಿ. ಆದಕಾರಣ ಪಟ್ಟಿಗಳು ಹರಿಯುವ ದಿಕ್ಕನ್ನು ನಕ್ಷೆಯಲ್ಲಿ ಬಾಣವೆಳೆದು ತೋರಿಸಿರೆಂದು ಕೇಳುತ್ತೇನೆ. ಇಷ್ಟಕ್ಕಾಗಿ ಎರಡು ದಿನ ತಡವೇ ಎಂದು ಅವರು ಬೇಸರಪಡುತ್ತಾರೆ, ಪಡಲಿ.

ತೂಕ ನೋಡಿ ಬಲವನ್ನು ಅಳೆಯುವುದೂ ನನಗೆ ಒಪ್ಪದು. ಪಟ್ಟಿಯ ದಪ್ಪವನ್ನು ಇಮ್ಮಡಿಸಿದರೆ ಬಾಗದಿರುವ ಬಿಗಿ ಎರಡು ಪಾಲಾದೀತು. ಎತ್ತರವನ್ನು 25 ಮಿಲಿಮೀಟರಿನಿಂದ 50ಕ್ಕೆ ಏರಿಸಿದರೆ ಎಂಟು ಪಾಲು. ಉಕ್ಕಿನ ಖರ್ಚು ಎರಡಕ್ಕೂ ಒಂದೇ.

ಬೆಸೆದು, ಅಂಚು ಕಟ್ಟಿಯಾದ ಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನ ಕರಗಿದ ಸತುವಿನಲ್ಲಿ ಅದ್ದುತ್ತೇವೆ. ಕೊಳವೆ ತೂರಿಸಲೆಂದು ಆಮೇಲೆ ಯಾರಾದರೂ ಪಟ್ಟಿಗಳನ್ನು ಕತ್ತರಿಸಿದರೆ ಹೊರುವ ಬಲವೂ ಕುಂದಿತು, ಕೊಯ್ದ ಬಾಯಿಯಿಂದ ತುಕ್ಕೂ ಹತ್ತಿತು. ಕೊಳವೆಯ ಜಾಗವನ್ನೂ ಅದೇ ನಕ್ಷೆಯಲ್ಲಿ ಮೊದಲೇ ಗುರುತಿಸಿ ಕೊಟ್ಟರೆ, ಅಂಚು ಕಟ್ಟಿದ ಕಿಂಡಿಯನ್ನು ನಾವೇ ಬಿಟ್ಟು ಸತುವಿಗಿಳಿಸುತ್ತೇವೆ.