ಅಪವಾದ ವಿಚಾರ

ಪಾಣಿನೀಯ ವ್ಯಾಕರಣದ ವಿಧಿಗಳು ಉತ್ಸರ್ಗವೆಂದೂ ಅಪವಾದವೆಂದೂ ಎರಡು ತೆರನಾಗಿರುವುವು. ಕರ್ಮವು ಉಪಪದವಾಗಿರುವಾಗ ಧಾತುವಿಗೆ ಅಣ್ ಪ್ರತ್ಯಯವು ಬರುವುದು ಸಾಮಾನ್ಯ ವಿಧಿ. ಕುಂಭಕಾರನೆಂಬ ರೂಪವು ಇದರಿಂದ ಸಿದ್ಧಿಸುವುದು. ಆದರೆ ಉಪಸರ್ಗವಿಲ್ಲದ ಆಕಾರಾಂತ ಧಾತುವಿಗೆ ಕ ಪ್ರತ್ಯಯವೇ ಬಂದು ಗೋದನೆಂಬ ರೂಪವಾಗುವುದು. ಅಪವಾದದ ಎಡೆಯನ್ನು ಬಿಟ್ಟು ಉಳಿದೆಡೆಯಲ್ಲಿ ಮಾತ್ರ ಉತ್ಸರ್ಗವು ಪ್ರವರ್ತಿಸತಕ್ಕದ್ದೆಂದು ವೈಯಾಕರಣರು ನಿರ್ಣಯಿಸಿರುವರು. ಆದುದರಿಂದ ಅಪವಾದವು ಶಾಸ್ತ್ರಕ್ಕೆ ಕುಂದಲ್ಲ, ಶಾಸ್ತ್ರದ ಅಂಗವೇ ಸರಿ. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರು ಎಕ್ಸೆಪ್ಷನ್ ಎಂದು ಕರೆಯುವ ವಸ್ತುವನ್ನೂ ಈ ದೃಷ್ಟಿಯಿಂದ ನೋಡುವುದು ಯುಕ್ತವಾಗಿದೆ.

ಅಂತರ್ಜಾಲದ ವ್ಯವಹಾರದಲ್ಲಿ ಬ್ರೌಸರು ಪೃಚ್ಛಕನು. ದೂರದ ಸರ್ವರು ಉತ್ತರ ಕೊಡುವವನು. ಪ್ರತಿಯೊಂದು ಉತ್ತರದ ತಲೆಯಲ್ಲಿಯೂ ಮೂರಂಕೆಯ ಸಂಖ್ಯೆಯೊಂದಿರುವುದು. ೨೦೦ ಎಂದರೆ ಕಾರ್ಯವು ಸಫಲವಾಯಿತೆಂದೂ, ೪೦೪ ಎಂದರೆ ಕೇಳಿದ ಪುಟವು ಸಿಕ್ಕಲಿಲ್ಲವೆಂದೂ, ೫೦೦ ಎಂದರೆ ಸರ್ವರಿನ ಒಳಗೇ ದೋಷವುಂಟಾಯಿತೆಂದೂ ಅರ್ಥ. ನಾಲ್ಕರಿಂದ ಮೊದಲಾಗುವ ಸಂಖ್ಯೆಗಳು ದೋಷವು ಕೇಳಿದವನ ಕಡೆಯದೆಂದೂ, ಐದರಿಂದ ಮೊದಲಾಗುವುವು ಸರ್ವರಿನ ಕಡೆಯದೆಂದೂ ಸೂಚಿಸುವುವು. ತಪ್ಪು ಯಾರದೆಂಬುದನ್ನು ಮೊದಲೇ ಹೇಳಿಬಿಡುವ ಈ ಏರ್ಪಾಡು ಸತ್ಯಸಂಧವಾದುದು. ಒಳಗೆ ಕೆಲಸವು ಕೆಟ್ಟಿದ್ದರೂ ಹೊರಗೆ ೨೦೦ ಎಂದು ಬರೆದು ಕಳುಹಿಸುವ ಪ್ರೋಗ್ರಾಮುಗಳೂ ಉಂಟು. ಅವು ಸುಳ್ಳುಸಾಕ್ಷಿಯನ್ನು ನುಡಿಯುವುವೆಂದೇ ಹೇಳಬೇಕು.

೧೯೯೫ರಲ್ಲಿ ಪ್ರಕಟವಾದ ಜಾವಾ ಮೊದಲಾದ ಭಾಷೆಗಳಲ್ಲಿ ಟ್ರೈ, ಕ್ಯಾಚ್, ಫೈನಲಿ ಎಂಬ ಮೂರು ವಿಭಾಗಗಳಿರುವುವು. ಕೆಡಬಹುದಾದ ಕೆಲಸವನ್ನು ಮೊದಲನೆಯದರಲ್ಲಿಯೂ, ಕೆಟ್ಟಾಗ ಮಾಡತಕ್ಕುದನ್ನು ಎರಡನೆಯದರಲ್ಲಿಯೂ, ಕೆಡಲಿ ಬಿಡಲಿ ತಪ್ಪದೆ ಮಾಡತಕ್ಕುದನ್ನು ಮೂರನೆಯದರಲ್ಲಿಯೂ ಬರೆಯುವರು. ಎರಡನೆಯ ವಿಭಾಗವನ್ನು ಬರಿದಾಗಿ ಬಿಡುವುದು ಮಹಾದೋಷ. ಆಗ ಎಕ್ಸೆಪ್ಷನ್ ಎದ್ದುದೂ ತಿಳಿಯದು, ಅಡಗಿದುದೂ ತಿಳಿಯದು. ರೋಗವನ್ನು ಮರೆಸಿದ ಮಾತ್ರಕ್ಕೆ ರೋಗವು ವಾಸಿಯಾಗುವುದಿಲ್ಲವಷ್ಟೆ.

ಇದರ ಫಲವನ್ನು ಅನುಭವಿಸುವವರು ಯಂತ್ರದ ಮರ್ಮವನ್ನರಿಯದ ಜನರು. ಬಡ ವಿದ್ಯಾರ್ಥಿಯೊಬ್ಬನು ಕಡೆಯ ದಿನ ಪರೀಕ್ಷೆಯ ಶುಲ್ಕವನ್ನು ಕಟ್ಟುತ್ತಿರುವನೆಂದು ಭಾವಿಸೋಣ. ಬ್ಯಾಂಕಿಗೆ ಕೋರಿಕೆಯು ಹೋಯಿತು. ನಿಯತ ಕಾಲದೊಳಗೆ ಉತ್ತರವು ಬರಲಿಲ್ಲ. ಹಣವು ಸಂದಿತೋ ಇಲ್ಲವೋ? ನ್ಯಾಯಶಾಸ್ತ್ರದಲ್ಲಿ ಸಂಶಯವು ಬೇರೆ, ವಿಪರ್ಯಯವು ಬೇರೆ. ಉತ್ತರ ಬಾರದಿರುವುದು ಸಂಶಯವೇ ಹೊರತು ಕಾರ್ಯವು ವಿಫಲವಾಯಿತೆಂಬ ನಿಶ್ಚಯವಲ್ಲ. ಅದನ್ನು ವಿಫಲವೆಂದು ಸಾರಿದರೆ ಹುಡುಗನು ಮತ್ತೊಮ್ಮೆ ಹಣ ಕಟ್ಟುವನು. ಸಫಲವೆಂದು ಸಾರಿದರೆ ಅರ್ಜಿಯು ಸೇರಿತೆಂದು ನಂಬಿ ವರ್ಷವನ್ನೇ ಕಳೆದುಕೊಳ್ಳುವನು. ತನ್ನ ದತ್ತಾಂಶಕೋಶದಲ್ಲಿ ಅರ್ಧ ಬರೆದುದನ್ನು ಹಿಂದೆಗೆಯುವ ಶಕ್ತಿಯು ಪ್ರೋಗ್ರಾಮಿಗೆ ಉಂಟು. ಬ್ಯಾಂಕಿನಲ್ಲಿ ಸಂದ ಹಣಕ್ಕೆ ಆ ಶಕ್ತಿಯು ತಾಗದು. ಆದುದರಿಂದ ಬಲ್ಲವರು ಪ್ರತಿ ಪಾವತಿಗೂ ಬೇರೆ ಬೇರೆ ಗುರುತಿನ ಸಂಖ್ಯೆಯನ್ನು ಕೊಡುವರು. ಕೋರಿಕೆಯು ಅದೇ ಸಂಖ್ಯೆಯೊಡನೆ ಮತ್ತೆ ಬಂದರೆ, ಇದು ಹಿಂದಿನದೇ ಎಂದು ತಿಳಿದು ಎರಡನೆಯ ಸಲ ಹಣವನ್ನು ಕಳೆಯುವುದಿಲ್ಲ. ಸಂಶಯವು ತೀರುವವರೆಗೆ ‘ವಿಚಾರಣೆಯಲ್ಲಿದೆ, ಪುನಃ ಹಣ ಕಟ್ಟಬೇಡಿ’ ಎಂದು ಹುಡುಗನಿಗೆ ತಿಳಿಸುವರು.

ಅಪವಾದವನ್ನು ಅಲಕ್ಷಿಸಿದುದರ ಫಲಕ್ಕೆ ಅಂತರ್ಜಾಲದ ಹೊರಗೆ ಪ್ರಸಿದ್ಧವಾದ ದೃಷ್ಟಾಂತವೊಂದಿದೆ. ೧೯೯೬ನೆಯ ಜೂನ್ ೪ರಂದು ಫ್ರೆಂಚ್ ಗಯಾನಾದಿಂದ ಹಾರಿದ ಏರಿಯಾನ್ ೫ ರಾಕೆಟ್ಟು ಒಂದು ನಿಮಿಷವೂ ಪೂರೈಸುವ ಮೊದಲೇ ನಾಶವಾಯಿತು. ೬೪ ಬಿಟ್‌ಗಳ ಸಂಖ್ಯೆಯೊಂದನ್ನು ೩೨,೭೬೭ಕ್ಕಿಂತ ಹೆಚ್ಚನ್ನು ಹಿಡಿಯಲಾರದ ೧೬ ಬಿಟ್‌ಗಳ ಪಾತ್ರೆಗೆ ತುಂಬಹೋದಾಗ ಎಕ್ಸೆಪ್ಷನ್ ಎದ್ದಿತು; ಅದನ್ನು ಹಿಡಿಯುವ ವಿಧಿಯು ಆ ಎಡೆಯಲ್ಲಿರಲಿಲ್ಲ. ಆ ಪ್ರೋಗ್ರಾಮು ಹಿಂದಿನ ಏರಿಯಾನ್ ೪ಕ್ಕಾಗಿ ಬರೆದುದು. ಆಪತ್ತಿಗೆಂದು ಇರಿಸಿದ್ದ ಎರಡನೆಯ ಯಂತ್ರದಲ್ಲಿಯೂ ಅದೇ ಪ್ರೋಗ್ರಾಮಿದ್ದುದರಿಂದ ಅದೂ ಅದೇ ಕಾರಣದಿಂದಲೇ ನಿಂತುಹೋಯಿತು. ಒಂದೇ ದೋಷವನ್ನು ಎರಡೆಡೆ ಇಟ್ಟರೆ ರಕ್ಷಣೆಯು ಇಮ್ಮಡಿಯಾಗದು.

ಇನ್ನು, ದೋಷವನ್ನು ತಿಳಿಸುವ ಮಾತಿನಲ್ಲಿಯೂ ವಿವೇಕವಿರಬೇಕು. ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಕೆಟ್ಟಿತೆಂಬ ವಿವರವು ಸರ್ವರಿನ ದಿನಚರಿಯಲ್ಲಿ ಇರತಕ್ಕದ್ದು. ಅದನ್ನು ಬಳಸುವವನ ಮುಂದೆ ಸುರಿದರೆ ಅವನಿಗೆ ಅರ್ಥವಾಗದು, ಕಳ್ಳನಿಗೆ ಮಾತ್ರ ಉಪಕಾರವಾಗುವುದು. ಬಳಸುವವನಿಗೆ ಬೇಕಾದುದು ಮೂರೇ ಸಂಗತಿ: ಏನು ಕೆಟ್ಟಿತು, ಅವನ ಹಣವೂ ಬರೆಹವೂ ಸುರಕ್ಷಿತವಾಗಿವೆಯೇ, ಮುಂದೆ ಏನು ಮಾಡಬೇಕು.

ಎಲ್ಲವೂ ಸರಿಯಾಗಿ ನಡೆದಾಗ ಎಲ್ಲ ಪ್ರೋಗ್ರಾಮುಗಳೂ ಒಂದೇ ತೆರನಾಗಿ ಕಾಣುವುವು. ಬರೆದವನು ಪರರ ಕಷ್ಟವನ್ನು ಎಷ್ಟರ ಮಟ್ಟಿಗೆ ಎಣಿಸಿದ್ದನೆಂಬುದು ಅಪವಾದದ ಎಡೆಯಲ್ಲಿಯೇ ವ್ಯಕ್ತವಾಗುವುದು.